ಪಕ್ಕದ ಮಂಚಕ್ಕೆ ದಾಟಿದ ಬಿಗಿ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಇದು ನಡೆದದ್ದು. ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಎಂಬತ್ತರ ದಶಕದ ಕೊನೆ. ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರ ಐಸಿಯುನಲ್ಲಿ ನಾನು ಕಿರಿಯ ವೈದ್ಯ. ನಮ್ಮ ಹಿರಿಯ ಡಾಕ್ಟರು ಎಆರ್‌ಡಿಎಸ್ ಎಂಬ ಕಾಯಿಲೆಯ ಮೇಲೆ ಸಂಶೋಧನೆ ನಡೆಸುತ್ತಿದ್ದರು. ರೋಗಿಗೆ ಪೆಟ್ಟು ಬಿದ್ದದ್ದು ಎಲ್ಲೋ ಕಾಲಿಗೆ. ಆದರೆ ಒಂದೆರಡು ದಿನದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ, ಅದು ಒದ್ದೆ ಸ್ಪಂಜಿನಂತೆ ಭಾರವಾಗಿ ಬಿಗಿದುಕೊಳ್ಳುತ್ತದೆ. ಯಾಕೆ? ಅದೇ ಅವರ ಪ್ರಶ್ನೆ. ಅಂಥ ರೋಗಿಗಳ ಮಣಿಕಟ್ಟಿನಿಂದ ರಕ್ತ ತೆಗೆದು, ಅದರಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ರಾತ್ರಿಯಿಡೀ ನೋಡುವುದು ನನ್ನ ಕೆಲಸ.

ಆ ರಾತ್ರಿಯ ರೋಗಿ ನಿಂಗಪ್ಪ. ಪವಾಯಿಯಲ್ಲಿ ಬಿಲ್ಡಿಂಗ್ ಕೆಲಸ ಮಾಡುವಾಗ ಬಿದ್ದು ತೊಡೆಮೂಳೆ ಮುರಿದುಕೊಂಡವನು. ಉಸಿರಾಟದ ಯಂತ್ರ ಖಾಲಿಯಿರಲಿಲ್ಲ. ಇದ್ದ ಒಂದನ್ನು ಪಕ್ಕದ ಮಂಚದಲ್ಲಿದ್ದ ಮುಲುಂಡಿನ ಮಾಸ್ತರರಿಗೆ ಹಾಕಿದ್ದೆವು. ಅವರದು ಹೊಟ್ಟೆಯ ಆಪರೇಷನ್, ಶ್ವಾಸಕೋಶ ಚೆನ್ನಾಗಿತ್ತು. ಬೆಳಿಗ್ಗೆ ಅವರ ಕೊಳವೆ ತೆಗೆದರೆ ಯಂತ್ರ ನಿಂಗಪ್ಪನಿಗೆ. ಅಲ್ಲಿಯವರೆಗೆ ಅವನು ಉಳಿಯಬೇಕಿತ್ತು, ಅಷ್ಟೆ.

ಆಗ ನಮ್ಮಲ್ಲೊಂದು ರೂಢಿಯಿತ್ತು. ಯಂತ್ರ ಸಿಗದ ರೋಗಿಯ ಗಂಟಲಿನ ಕೊಳವೆಗೆ ರಬ್ಬರ್ ಬ್ಯಾಗ್ ಸಿಕ್ಕಿಸಿ ಮನೆಯವರ ಕೈಗೆ ಕೊಡುತ್ತಿದ್ದೆವು. ಅವರು ಒತ್ತಿದರೆ ಉಸಿರು... ನಿಲ್ಲಿಸಿದರೆ ಇಲ್ಲ. ಗಂಟೆಗಟ್ಟಲೆ ಒತ್ತಿದವರ ಕೈಗೆ ಆ ಶ್ವಾಸಕೋಶದ ಗುರುತು ಹತ್ತಿಬಿಡುತ್ತದೆ.

ಒತ್ತುತ್ತಿದ್ದವಳು ಅವನ ಹೆಂಡತಿ ಶಾಂತವ್ವ.

"ಇಷ್ಟ್ ವರ್ಷ ನನ್ನ ಜೀವಾ ತಿಂದಾನ್ರೀ ಇಂವಾ," ಅಂದಳು. "ಈಗ ನಾನ ಉಸುರು ಕೊಟ್ಟು ಸಾಕಬೇಕಾಗೇತಿ. ಎದ್ದು ಬರ್ಲಿ, ಮಾಡ್ತೀನಿ."

ಕೂತುಕೋ, ಇಲ್ಲವಾದರೆ ನಿನಗೂ ಒಂದು ಮಂಚ ಹಾಕಬೇಕಾದೀತು ಎಂದು ನರ್ಸ್ ಕುಸುಮ್ ಸ್ಟೂಲು ಎಳೆದಳು. "ಶಾಂತಾಬಾಯಿ, ಬೈಠೋ ಜರಾ. ನಹೀ ತೋ ತುಮ್ಹಾರಾ ಭೀ ಬೆಡ್ ಲಗಾನಾ ಪಡೇಗಾ."

"ನಂಗ್ ಕೊಡಿ, ಶಾಂತವ್ವ," ಎಂದು ಬ್ಯಾಗ್ ತೆಗೆದುಕೊಂಡೆ.

ಒದ್ದೆ ತೊಗಲು ಹಿಂಡಿದಂತಿತ್ತು. ಅರ್ಧ ಒತ್ತುವಾಗ ಒಂದು ತಡೆ. ಕೊನೆಯಲ್ಲಿ ಎರಡು ಸಣ್ಣ ನಡುಕ. ಪ್ರತಿ ಸಲವೂ ಅಷ್ಟೇ. ರಬ್ಬರಿನ ವಾಸನೆ, ಸ್ಪಿರಿಟ್ಟಿನ ವಾಸನೆ... ಪಕ್ಕದಲ್ಲಿ ಯಂತ್ರದ ನಿಧಾನ ಸದ್ದು.

ಎಷ್ಟು ಹೊತ್ತು ಒತ್ತಿದೆನೋ. ಒಂದು ಉಸಿರಿನ ನಡುವೆಯೇ ಬ್ಯಾಗ್ ಮೆತ್ತಗಾಯಿತು.

ಕೊಳವೆ ಜಾರಿತೆಂದುಕೊಂಡೆ. ಜಾರಿರಲಿಲ್ಲ. ಸ್ಟೆತಾಸ್ಕೋಪ್ ಇಟ್ಟೆ. ಸಂಜೆಯಿಂದ ಕೇಳುತ್ತಿದ್ದ ಚಟಚಟ ಸದ್ದು ಇಲ್ಲ. ಎರಡೂ ಕಡೆ ಗಾಳಿ ಸಲೀಸಾಗಿ ಹೋಗುತ್ತಿತ್ತು.

ಆಗ ಪಕ್ಕದ ಮಂಚದ ಯಂತ್ರ ಕಿರುಚಿತು.

"ಡಾಕ್ಟರ್! ಮಾಸ್ತರ್ ಕಾ ಪ್ರೆಶರ್ ದೇಖೋ!" ಕುಸುಮ್ ಯಂತ್ರದ ಮುಳ್ಳು ತೋರಿಸಿ ಕೂಗಿದಳು.

ನಿಂಗಪ್ಪನ ಬ್ಯಾಗನ್ನು ಕುಸುಮ್‌ಗೆ ಕೊಟ್ಟು ಓಡಿದೆ. ಮಾಸ್ತರರ ಕೊಳವೆಯಲ್ಲಿ ತಿಳಿಗೆಂಪು ನೊರೆ. ಯಂತ್ರಕ್ಕೆ ಗಾಳಿ ನೂಕಲು ಆಗುತ್ತಿರಲಿಲ್ಲ. ಅದನ್ನು ಬಿಡಿಸಿ ಇನ್ನೊಂದು ಬ್ಯಾಗ್ ಹಾಕಿ ಒತ್ತಿದೆ.

ಅರ್ಧದಲ್ಲಿ ಒಂದು ತಡೆ... ಕೊನೆಯಲ್ಲಿ ಎರಡು ಸಣ್ಣ ನಡುಕ.

ಒತ್ತುತ್ತಲೇ ಇದ್ದೆ.

ಶಾಂತವ್ವ ಎದ್ದು ಬಂದು, ಯಾರೂ ಕರೆಯದೆ, ನನ್ನ ಕೈಯ ಪಕ್ಕ ತನ್ನ ಕೈಯಿಟ್ಟಳು. ಒಂದೇ ಸಲ ಒತ್ತಿದಳು. ತಟ್ಟನೆ ಕೈ ಹಿಂತೆಗೆದಳು.

"ಡಾಕ್ಟ್ರ..." ದನಿ ಕೇಳಿಸಿಯೂ ಕೇಳಿಸದ ಹಾಗೆ. "ಇದು ನಮ್ಮದ್ರೀ."

"ಏನು?"

"ಸಂಜೀಯಿಂದ ನಾ ಒತ್ತಿದ್ದು ಇದನ್ನ ರೀ. ಇಲ್ಲಿಗೆ ಹೆಂಗ್ ಬಂತು?"

ಅವಳು ಗಂಡನ ಕಡೆ ನೋಡಿದಳು. ಕುಸುಮ್‌ಳ ಕೈಯಲ್ಲಿ ಬ್ಯಾಗ್ ಹಗುರವಾಗಿ ಮುದುಡಿ ಅರಳುತ್ತಿತ್ತು.

"ನಾ ಇದನ್ನ ಒತ್ತಿದ್ರ... ತಿರುಗಿ ಅಲ್ಲಿಗೆ ಹೋಗಂಗಿಲ್ಲ, ಹೌದಿಲ್ರೀ?"

ವೈದ್ಯನಾದವನು 'ಹೋಗುವುದಿಲ್ಲ' ಅನ್ನಬೇಕಿತ್ತು. ನಾನು ಮತ್ತೊಂದು ಸಲ ಬ್ಯಾಗ್ ಒತ್ತಿದೆ, ಅಷ್ಟೇ.

ಅವಳು ಮಾಸ್ತರರ ಮುಖ ನೋಡಿದಳು. ಮತ್ತೆ ಕೈ ಚಾಚಿದಳು. "ಕೊಡ್ರಿ. ಪಾಪ, ಇವ್ರ ಮನಿಯಾಕಿ ಇನ್ನೂ ಬಂದಿಲ್ಲ."

ನಾನು ಕೊಡಲಿಲ್ಲ. ಬೆರಳು ಮರಗಟ್ಟುವವರೆಗೆ ನಾನೇ ಒತ್ತಿದೆ.

ಕುಸುಮ್ ಇಬ್ಬರ ರಕ್ತವನ್ನೂ ತೆಗೆದಳು. ಬೆಳಿಗ್ಗೆ ಫಲಿತಾಂಶ ನೋಡಿದ ಹಿರಿಯ ಡಾಕ್ಟರು, "ಸಿರಿಂಜ್ ಅದಲುಬದಲಾಗಿವೆ," ಎಂದರು. ತಾವೇ ಮತ್ತೆ ತೆಗೆದು ನೋಡಿದರು. ಅದೇ ಬಂತು. ಆಮೇಲೆ, "ಕೆಲವೊಮ್ಮೆ ಹೀಗಾಗುತ್ತೆ," ಎಂದು ಕನ್ನಡಕ ಒರೆಸಿಕೊಂಡರು. ನಿಂಗಪ್ಪ ಮುಂದೆ ನಡೆದುಕೊಂಡೇ ಮನೆಗೆ ಹೋದ. ಅವನಿಗೆ ಯಂತ್ರ ಬೇಕಾಗಲೇ ಇಲ್ಲ.

ಮಾಸ್ತರರ ಹೆಂಡತಿ ಬೆಳಗಿನ ಲೋಕಲ್ ರೈಲು ಹಿಡಿದು ಬಂದಿದ್ದರು. ಗಂಡನ ಕೊಳವೆ ಇವತ್ತು ತೆಗೆಯುತ್ತಾರೆಂದು ಇಸ್ತ್ರಿ ಮಾಡಿದ ಅಂಗಿ ತಂದಿದ್ದರು. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು.

"ರಾತ್ರೀ ಕಾಯ್ ಝಾಲಂ, ಡಾಕ್ಟರ್?" ರಾತ್ರಿ ಏನಾಯಿತು ಎಂದು ಮತ್ತೆ ಮತ್ತೆ ಕೇಳಿದರು.

"ಕೆಲವೊಮ್ಮೆ ಹೀಗಾಗುತ್ತದೆ," ಎಂದೆ, ನನಗೆ ಬಂದಷ್ಟು ಮರಾಠಿಯಲ್ಲಿ.

ಅವರು ಕುಸಿಯುವಂತಾದರು. ಹಿಡಿದುಕೊಳ್ಳಲು ಹತ್ತಿರ ಇದ್ದವರು ನಾವಿಬ್ಬರೇ, ಆ ಬಿಗಿಯನ್ನು ಕೈಯಾರೆ ಒತ್ತಿದ್ದ ನಾನು ಮತ್ತು ಶಾಂತವ್ವ. ನನ್ನ ಕೈ ಕೋಟಿನ ಜೇಬಿನಿಂದ ಹೊರಗೆ ಬರಲಿಲ್ಲ. ಶಾಂತವ್ವ ತನ್ನ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.