ಕಣ್ಣಿನ ಗಾಡಿಯ ಸರಪಳಿ

ಇವತ್ತು ಬೆಳಿಗ್ಗೆ ಗ್ರೀಸಿನ ಡಬ್ಬಿಯ ಮುಚ್ಚಳ ತೆಗೆದೆ. ಆ ಜಿಡ್ಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಚೌಡಾಪುರದ ಚಾಚಾ ನೆನಪಾದರು. ಆಳಂದದಲ್ಲಿ ನಮ್ಮ ಟ್ರಸ್ಟಿನ ಅಂಗಳದ ಬೇವಿನ ಮರದ ಕೆಳಗೆ ಕಣ್ಣಿನ ಗಾಡಿ ನಿಂತಿದೆ. ನಾಳೆಯಿಂದ ಅದು ನನ್ನದಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಅದನ್ನು ಊರೂರಿಗೆ ಒಯ್ಯುತ್ತಾಳೆ. ಕೊಡುವ ಮುಂಚೆ ಒಮ್ಮೆ ನಾನೇ ಒರೆಸಿ, ಗ್ರೀಸು ಹಚ್ಚಿ ಕೊಡೋಣ ಎಂದು ಸೀರೆ ಸೆರಗು ಸಿಕ್ಕಿಸಿ ಕೂತಿದ್ದೇನೆ.

ಕಣ್ಣಿನ ಗಾಡಿ ಅಂದರೆ ಜೀಪಿನ ಹಿಂದೆ ಎಳೆದುಕೊಂಡು ಹೋಗುವ ಒಂದು ಪುಟ್ಟ ಕೋಣೆ. ಒಳಗೆ ಕಣ್ಣು ಪರೀಕ್ಷೆಯ ಕುರ್ಚಿ, ಗಾಜುಗಳ ಪೆಟ್ಟಿಗೆ, ಗೋಡೆಗೆ ಅಕ್ಷರದ ಪಟ್ಟಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ, ಕಣ್ಣು ನೋಡಿ ಕನ್ನಡಕದ ನಂಬರ್ ಬರೆದುಕೊಡುವುದು ನನ್ನ ಕೆಲಸ. ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಜನ ಕೇಳಲಿಲ್ಲ. ಚಾಚಾ ಅಂತೂ ಕಡೆಯತನಕ ನನ್ನನ್ನು ಡಾಕ್ಟರಮ್ಮ ಅನ್ನುವ ಅರ್ಥದಲ್ಲಿ ‘ಡಾಕ್ಟರ್ ಬಾಯಿ’ ಎಂದೇ ಕರೆದರು.

ಗಾಡಿ ಬಂದ ಹೊಸತರಲ್ಲಿ ನನ್ನ ಉತ್ಸಾಹ ಕೇಳಬೇಡಿ. ಮುದುಕರು ಹತ್ತಿ ಇಳಿಯಲು ತ್ರಾಸಾಗಬಾರದೆಂದು ಆ ಭಾರದ ಕುರ್ಚಿಯನ್ನು ಹಿಂಬಾಗಿಲ ಪಕ್ಕಕ್ಕೇ ಇಡಿಸಿದೆ. ಜನರೇಟರನ್ನೂ ಅಲ್ಲೇ ಇಡಿಸಿದೆ, ಬಾಗಿಲಲ್ಲಿದ್ದರೆ ಇಳಿಸುವುದು ಸುಲಭ ಅಂತ. ನಮ್ಮ ಡ್ರೈವರ್ ಗೊಬ್ಬೂರಿನ ರೈತರ ಮಗ. ಅವನೂ ಉಳಿದ ಸಾಮಾನನ್ನೆಲ್ಲ ಹಿಂದಕ್ಕೇ ಹೇರಿದ. ಎರಡು ತಿಂಗಳು ಹಳ್ಳಿ ರಸ್ತೆಯಲ್ಲಿ ಮೆಲ್ಲಗೆ ಓಡಾಡಿದ್ದರಿಂದ ಏನೂ ಗೊತ್ತಾಗಲಿಲ್ಲ. ಮೊದಲ ಸಲ ದೊಡ್ಡ ರಸ್ತೆ ಹಿಡಿದು ಅಫಜಲಪುರದ ಕಡೆ ಜೋರಾಗಿ ಹೊರಟಾಗ ಗಾಡಿ ಹಿಂದೆ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ಜೀಪನ್ನೂ ಹಿಡಿದು ಜಗ್ಗುತ್ತಿತ್ತು.

“ಪಾಟಾ ಕಮ್ಮಿ ಬಿದ್ದಾವ್ರಿ ಮೇಡಂ, ಇನ್ನೊಂದು ಹಾಕಸೂನು” ಎಂದ ಡ್ರೈವರ್. ಪಾಟಾ ಎಂದರೆ ಗಾಡಿಯ ಭಾರ ಹೊರಲು ಅಚ್ಚಿನ ಮೇಲೆ ಒಂದರ ಮೇಲೊಂದು ಇಟ್ಟ ಕಮಾನಿನಂಥ ಉಕ್ಕಿನ ಪಟ್ಟಿಗಳು. ಕಬ್ಬಿನ ಟ್ರಾಲಿಯವರೆಲ್ಲ ಹಾಗೆ ಹೆಚ್ಚಿಗೆ ಪಾಟಾ ಹಾಕಿಸುವುದು ನಮ್ಮ ಕಡೆ ರೂಢಿ. ಹಾಗಾಗಿ ಚೌಡಾಪುರದಲ್ಲಿ ರಸ್ತೆ ಬದಿಯ ಒಂದು ತಗಡಿನ ಶೆಡ್ಡಿನ ಮುಂದೆ ನಿಂತೆವು.

ಅಲ್ಲಿದ್ದರು ಚಾಚಾ. ಬಿಳಿ ಗಡ್ಡ, ಮಾಸಿದ ಟೊಪ್ಪಿಗೆ, ಎಣ್ಣೆ ಕುಡಿದು ಕಪ್ಪಾದ ಬೆರಳು. ಟ್ರಾಲಿ ರಿಪೇರಿಯೇ ಅವರ ಜೀವನ. ಅವರ ಬೆಸುಗೆ ಗಂಟುಗಂಟಾಗಿರುತ್ತಿರಲಿಲ್ಲ. ಅರದಿಂದ ಉಜ್ಜಿ, ಬೆರಳಾಡಿಸಿ, ನುಣುಪಾಗುವತನಕ ಬಿಡುತ್ತಿರಲಿಲ್ಲ. ಅಷ್ಟು ಒಳ್ಳೆಯ ಕೈ. ಆದರೆ ಆ ದಿನ ಅವರು ನಮ್ಮ ಗಾಡಿಗೆ ಆ ಕೈಯನ್ನೇ ಹಚ್ಚಲಿಲ್ಲ.

“ಗಾಡಿ ಹೊಸಾದ್ರಿ?” ಎಂದು ಕೇಳಿದರು.

“ಹೌದ್ರಿ, ಎರಡು ತಿಂಗಳಾತು” ಎಂದೆ.

“ವಾರಂಟಿ ಕಾಗದ ಕೊಟ್ಟಾರೇನ್ರಿ? ಹಂಗಾದ್ರ ನಾ ಪಾಟಾ ಹಾಕೂದಿಲ್ಲ. ನಾ ಒಂದು ನಟ್ಟು ಬಿಚ್ಚಿದೆ ಅಂದ್ರ ನಿಮ್ಮ ವಾರಂಟಿ ಹೋಯ್ತು. ಪಹಿಲೇ, ಗಾಡಿ ಮಾಡಿದಾವ ಏನ್ ಬರ್ದಾನ ಓದ್ರಿ. ನಾ ಕೇಳ್ತೇನಿ.”

ನನಗೆ ಸಿಟ್ಟೇ ಬಂತು. ಶಿಬಿರಕ್ಕೆ ಜನ ಕಾಯುತ್ತಿದ್ದಾರೆ, ಈ ಮುದುಕ ಪುಸ್ತಕ ಓದು ಅನ್ನುತ್ತಾನಲ್ಲ! ಆ ಪುಸ್ತಕ ನನ್ನ ಚೀಲದಲ್ಲೇ ಇತ್ತು, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ. ಊರವರಿಗೆಲ್ಲ ಸಣ್ಣ ಅಕ್ಷರ ಓದಿಸುವವಳು, ನನ್ನ ಗಾಡಿಯ ಸಣ್ಣ ಅಕ್ಷರ ನಾನೇ ಓದಿರಲಿಲ್ಲ. ಮೂಗು ಮುರಿಯುತ್ತ, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಅವರು ಹಳೆ ಟೈರಿನ ಮೇಲೆ ಕೂತು, ಕಣ್ಣು ಮುಚ್ಚಿ ಕೇಳಿದರು. ಮೊದಲ ಕೆಲವು ಪ್ರಯಾಣದ ನಂತರ ಅಚ್ಚಿನ ನಟ್ಟುಗಳನ್ನು ಮತ್ತೆ ಬಿಗಿಯಬೇಕು. ಚಾಸಿಸ್ಸಿಗೆ ಬೇರೆ ಬೆಸುಗೆ ಹಾಕಿದರೆ, ಪಾಟಾ ಬದಲಿಸಿದರೆ ವಾರಂಟಿ ರದ್ದು. ಹೇಳಿದ ಅವಧಿಗೆ ಸರ್ವಿಸ್ ಆಗಬೇಕು, ಬರೆದಿಡಬೇಕು... ಹೀಗೆ ಓದುತ್ತ ಓದುತ್ತ ಒಂದು ಸಾಲಿಗೆ ಬಂದೆ. ಸಾಮಾನಿನ ಹೆಚ್ಚಿನ ಭಾರ ಅಚ್ಚಿನ ಮುಂದೆ ಇರಬೇಕು, ಹಿಂದೆ ಇದ್ದರೆ ಗಾಡಿ ಹೊಯ್ದಾಡುತ್ತದೆ ಎಂದು ದಪ್ಪ ಅಕ್ಷರದಲ್ಲೇ ಬರೆದಿದ್ದರು.

ಚಾಚಾ ಕಣ್ಣು ತೆರೆದರು. ಹಿಂಬಾಗಿಲು ತೆಗೆಸಿ ನೋಡಿ ಹಣೆ ಚಚ್ಚಿಕೊಂಡರು.

“ಯಾರ್ ಹೇರ್ಯಾರಿದು?”

ಡ್ರೈವರ್ ತಲೆ ಕೆರೆದುಕೊಂಡ. “ನಾನೇ ಚಾಚಾ. ಎತ್ತಿನ ಹೆಗಲ ಮ್ಯಾಲ ಭಾರ ಬೀಳಬಾರದು ಅಂತ ನಮ್ಮಪ್ಪ ಬಂಡಿ ಹಿಂಗೇ ಹೇರತಿದ್ದ.”

ಚಾಚಾ ನಕ್ಕ ನಗೆ ಇನ್ನೂ ಕಿವಿಯಲ್ಲಿದೆ. “ಎತ್ತಿನ ಹೆಗಲು ನೋಯ್ತದಪ್ಪ, ಜೀಪಿನ ಹೆಗಲು ಏನ್ ನೋಯ್ತದ? ಇದಕ ಮೂಗಿನ ಮ್ಯಾಲ ಜರಾ ಭಾರ ಬೇಕು. ಇಲ್ಲಂದ್ರ ಬಾಲ ಹೋಗಿ ಜೀಪಿಗೇ ಕುಣಸ್ತದ.”

ಆ ‘ಜರಾ’ ಎಷ್ಟು ಎಂಬುದನ್ನೂ ಪುಸ್ತಕದಲ್ಲಿ ಓದಿಸಿದರು. ಆಮೇಲೆ ನಮ್ಮ ಶಿಬಿರದಲ್ಲಿ ಜನರ ತೂಕ ನೋಡುವ ಯಂತ್ರವನ್ನು ತರಿಸಿ, ಜೀಪಿಗೆ ಜೋಡಿಸುವ ಗಾಡಿಯ ಮೂತಿಯ ಕೆಳಗೆ ಒಂದು ಮರದ ತುಂಡು ನಿಲ್ಲಿಸಿ, ಅಷ್ಟು ತೂಕ ಬರುವತನಕ ಕುರ್ಚಿ, ಜನರೇಟರ್ ಎಲ್ಲ ಮುಂದಕ್ಕೆ ಸರಿಸಿದರು. ಮುದುಕರಿಗೆ ತೊಂದರೆಯಾಗುತ್ತದೆ ಎಂದು ನಾನು ಗೊಣಗಿದೆ. ಊರು ಮುಟ್ಟಿದ ಮೇಲೆ ಕುರ್ಚಿ ಎಲ್ಲಿ ಬೇಕಾದರೂ ಎಳೆದುಕೊಳ್ಳಿ, ರಸ್ತೆಯಲ್ಲಿರುವಾಗ ಮಾತ್ರ ಅದು ಮುಂದೇ ಇರಲಿ ಎಂದರು. ಮುಂದಿನ ವಾರ ಹೋದಾಗ ಹಿಡಿಕೆ ಇರುವ ಕಬ್ಬಿಣದ ಮೆಟ್ಟಿಲೊಂದು ಸಿದ್ಧವಾಗಿತ್ತು. ಗಾಡಿಗೆ ಅಂಟಿಸಿರಲಿಲ್ಲ, ಬೇರೆಯಾಗಿ ನೆಲದ ಮೇಲೆ ಇಡುವಂಥದ್ದು. ವಾರಂಟಿಗೆ ಧಕ್ಕೆಯಾಗಬಾರದಲ್ಲ! ಅವತ್ತಿನಿಂದ ಗಾಡಿ ಹೊಯ್ದಾಡಲಿಲ್ಲ. ಪುಸ್ತಕ ಹೇಳಿದಂತೆ ನಟ್ಟು ಬಿಗಿದು ಗ್ರೀಸು ಹಚ್ಚುವ ಸರ್ವಿಸ್ಸಿಗೂ ಅವರ ಶೆಡ್ಡಿಗೇ ಹೋಗತೊಡಗಿದೆವು.

ಸರಪಳಿಯೂ ಅವರೇ ಕೊಟ್ಟದ್ದು. ಗಾಡಿ ಕಳಚಿದರೆ ಹಿಡಿಯಲೆಂದು ಕಂಪನಿಯವರು ಜೋಡಿಸಿದ್ದ ತೆಳು ತಂತಿ ನೋಡಿ ಅವರಿಗೆ ಸಮಾಧಾನವಾಗಲಿಲ್ಲ. ಅದು ಇರಲಿ ಎಂದು, ಅದರ ಜತೆಗೆ ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ಅಡ್ಡಡ್ಡ ಹಾಯಿಸಿ ಜೀಪಿಗೆ ಕೊಂಡಿ ಹಾಕಿದರು. ಜೋಡಣೆ ತಪ್ಪಿದರೂ ಮೂತಿ ನೆಲಕ್ಕೆ ಬೀಳದೆ ಜೋಳಿಗೆಯಲ್ಲಿ ಬಿದ್ದಂತೆ ಬೀಳಬೇಕು ಎನ್ನುತ್ತಿದ್ದರು. ಗಲಗಲ ಸದ್ದಾಗದಿರಲಿ ಎಂದು ಸ್ಕೂಟರಿನ ಹಳೆ ಟ್ಯೂಬಿನೊಳಗೆ ಸರಪಳಿ ತೂರಿಸಿದ್ದರು.

ಅವರು ನನ್ನಿಂದ ಕೇಳಿದ್ದು ಒಂದೇ. ಜೀಪಿನ ಹಿಂದೆ ಒಂದು ಕಬ್ಬಿಣದ ಗುಂಡು, ಅದರ ಮೇಲೆ ಗಾಡಿಯ ಮೂತಿ ಕೂರುತ್ತದೆ. ಮೂತಿಗೆ ಲಾಕು, ಲಾಕಿಗೆ ಪಿನ್ನು. ಡ್ರೈವರ್ ಜೋಡಿಸಿದ ಮೇಲೆ, ಹೊರಡುವ ಮುನ್ನ, ನಾನು ಬಂದು ಪಿನ್ನು ಮುಟ್ಟಿ ನೋಡಬೇಕು. ಜೋಡಿಸಿದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ ಎಂಬುದು ಅವರ ಲೆಕ್ಕ.

“ನೀವು ಕಣ್ಣಿನ ಡಾಕ್ಟರು, ಆದ್ರೂ ಹೇಳ್ತೇನಿ. ಕಣ್ಣು ನಂಬಬ್ಯಾಡ್ರಿ. ಕೈ ಹಚ್ಚಿ ನೋಡ್ರಿ.”

ಪ್ರತಿ ಸಲ ಬೀಳ್ಕೊಡುವಾಗ ಅವರ ಕೊನೆಯ ಮಾತು ಇದೇ: “ಕೈ ಹಚ್ಚಿ ನೋಡಿದ್ರೇನು?” ನಾನು “ಹೂಂ ಚಾಚಾ” ಅನ್ನುತ್ತಿದ್ದೆ. ಬೇರೆ ಊರಿನವರ ಮುಂದೆ ಈ ವಿದ್ಯೆಯನ್ನು ನನ್ನದೇ ಅನ್ನುವ ಹಾಗೆ ಜಂಬದಿಂದ ಹೇಳಿಕೊಂಡದ್ದೂ ಉಂಟು.

ಒಮ್ಮೆ ನಮ್ಮ ಗಾಡಿ ಚೌಡಾಪುರದಲ್ಲೇ ಶಿಬಿರ ಹಾಕಿತ್ತು. ನೋಡಿದರೆ ಚಾಚಾ ಸಾಲಿನಲ್ಲಿ ನಿಂತಿದ್ದಾರೆ, ಕೈಯಲ್ಲಿ ಚೀಟಿ ಹಿಡಿದು. ಮುಂದೆ ಬನ್ನಿ ಎಂದರೆ ಬರಲಿಲ್ಲ. ಎರಡು ತಾಸು ಕಾದು, ತಮ್ಮ ಸರದಿಯಲ್ಲೇ ಒಳಗೆ ಬಂದು, ಕುರ್ಚಿಯಲ್ಲಿ ಕೂರುವ ಮುಂಚೆ ಕುರ್ಚಿಯ ನಟ್ಟು ಅಲುಗಾಡಿಸಿ ನೋಡಿದರು. ಓದುವ ಕನ್ನಡಕ ಕೊಟ್ಟೆ. ಮರುವಾರ ಉರ್ದು ಪತ್ರಿಕೆಯೊಂದನ್ನು ಬಿಡಿಸಿ ಹಿಡಿದು, ಎಷ್ಟೋ ವರ್ಷದ ಮೇಲೆ ಅಕ್ಷರ ತಾವಾಗಿ ಎದುರು ಬಂದವು ಎಂದು ಸಂಭ್ರಮಪಟ್ಟರು.

ವಾರಂಟಿ ಮುಗಿಯಲು ಇನ್ನು ಕೆಲವೇ ದಿನ ಇದ್ದಾಗ ಗಾಡಿಯ ಕೆಳಗೆ ಮಲಗಿ ಬೆರಳಾಡಿಸುತ್ತಿದ್ದ ಚಾಚಾ ಪಾಟಾದ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಪತ್ತೆ ಮಾಡಿದರು. ತಾವು ಮುಟ್ಟದೆ, ಕಂಪನಿಗೆ ಫೋನ್ ಮಾಡಿಸಿದರು. ದೂರದಿಂದ ಬಂದ ಕಂಪನಿಯ ಮನುಷ್ಯ ಮೊದಮೊದಲು ಹುಬ್ಬು ಗಂಟಿಕ್ಕಿಕೊಂಡಿದ್ದ. ನಮ್ಮ ಭಾರದಿಂದಲೇ ಹೀಗಾಗಿದೆ ಎನ್ನುವ ಧಾಟಿ. ಚಾಚಾ ನನ್ನಿಂದ ಬರೆಸಿದ್ದ ಸರ್ವಿಸ್ ಪುಸ್ತಕ ನೋಡಿ ಅವನ ಮುಖ ಸಡಿಲಾಯಿತು. ಎರಡೂ ಕಡೆಯ ಪಾಟಾ ಬದಲಿಸಿಕೊಟ್ಟ. ಅಷ್ಟೂ ಹೊತ್ತು ಚಾಚಾ ಕೈ ಹಿಂದೆ ಕಟ್ಟಿಕೊಂಡು ನಿಂತು, ಶಾಲೆಯ ಮಗುವಿನ ಹಾಗೆ ನೋಡಿ ಕಲಿತರು.

ಇನ್ನು ನನ್ನ ತಪ್ಪಿನ ವಿಷಯ.

ಜೇವರ್ಗಿ ಕಡೆಯ ಒಂದು ಹಳ್ಳಿಗೆ ಹೊರಟಿದ್ದೆವು. ಡ್ರೈವರ್ ಗಾಡಿ ಜೋಡಿಸಿ ನನ್ನನ್ನು ಕರೆದ. ನಾನು ಫೋನಿನಲ್ಲಿ ಯಾರೊಂದಿಗೋ ವಾದಕ್ಕೆ ಬಿದ್ದಿದ್ದೆ. ಬಗ್ಗಿ ನೋಡಿದೆ. ಪಿನ್ನಿನ ತಲೆ ಕಾಣಿಸಿತು. “ಆತು, ನಡಿ” ಎಂದೆ. ನೋಡಿದೆ ಅಷ್ಟೆ, ಮುಟ್ಟಲಿಲ್ಲ. ಪಿನ್ನು ಅರ್ಧಕ್ಕೇ ನಿಂತಿತ್ತು.

ಭೀಮಾ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಧಡ್ ಎಂದು ಸದ್ದಾಯಿತು. ಕನ್ನಡಿಯಲ್ಲಿ ಗಾಡಿ ಒಂದು ಕಡೆ ವಾಲಿದ್ದು ಕಂಡಿತು. ಪಕ್ಕದಲ್ಲೇ ಒಂದು ಬೈಕು ನಮ್ಮನ್ನು ದಾಟುತ್ತಿತ್ತು. ಗಂಡ, ಹೆಂಡತಿ, ನಡುವೆ ಒಂದು ಮಗು. ಡ್ರೈವರ್, ಚಾಚಾ ಕಲಿಸಿದಂತೆ, ಬ್ರೇಕು ಒಮ್ಮೆಲೇ ಒತ್ತದೆ, ಮೆಲ್ಲಮೆಲ್ಲಗೆ ವೇಗ ಇಳಿಸಿ ಬದಿಗೆ ತಂದ. ಮೂತಿ ಗುಂಡಿನಿಂದ ಕಳಚಿ ಸರಪಳಿಗಳ ಜೋಳಿಗೆಯಲ್ಲಿ ಕೂತಿತ್ತು. ಎಡಗಡೆಯ ಸರಪಳಿ ಜೋತು, ರಸ್ತೆಗೆ ಉಜ್ಜಿ, ಟ್ಯೂಬು ಹರಿದು, ಸರಪಳಿ ಹೆಣೆದ ಬಳೆಗಳಲ್ಲಿ ಒಂದು ಅರ್ಧ ಸವೆದಿತ್ತು. ಬೈಕಿನವರು ಏನೂ ಅರಿಯದೆ ಸೇತುವೆ ದಾಟಿ ಹೋದರು. ಆ ಮಗು ತಿರುಗಿ ನಮ್ಮತ್ತ ಕೈ ಬೀಸಿತು.

ನಾನು ರಸ್ತೆಯ ಬದಿಯಲ್ಲಿ ಕೂತು ಅತ್ತೆ. ಅತ್ತು ಮುಗಿದ ಮೇಲೆ ಮಾಡಿದ್ದೇನು ಗೊತ್ತೇ? ತಪ್ಪು ಮುಚ್ಚಿದೆ. ಜೇವರ್ಗಿಯ ಪಂಕ್ಚರ್ ಅಂಗಡಿಯಲ್ಲಿ ಬೇರೆ ಟ್ಯೂಬು ತೆಗೆದುಕೊಂಡು, ಸವೆದ ಬಳೆ ಕಾಣದಂತೆ ಸರಪಳಿಗೆ ತೊಡಿಸಿ, ಎರಡೂ ತುದಿಗೆ ಶಿಬಿರದ ಬ್ಯಾಂಡೇಜು ಬಟ್ಟೆ ಸುತ್ತಿ ಕಟ್ಟಿದೆ. “ಚಾಚಾಗ ಹೇಳಬ್ಯಾಡ” ಎಂದು ಡ್ರೈವರನ ಬಾಯಿ ಕಟ್ಟಿದೆ. ಅವರು ನನ್ನಿಂದ ಕೇಳಿದ್ದು ಒಂದೇ ಒಂದು ಕೆಲಸ, ಅದನ್ನೂ ಮಾಡಲಿಲ್ಲ ಎಂದು ಯಾವ ಮುಖದಿಂದ ಹೇಳುವುದು?

ಮುಂದಿನ ಸರ್ವಿಸ್ಸಿಗೆ ಹೋದಾಗ ನನ್ನ ಕಣ್ಣು ಆ ಬ್ಯಾಂಡೇಜು ಬಟ್ಟೆಯ ಮೇಲೇ ಇತ್ತು. ಯಾವಾಗಲೂ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಒಂದೊಂದೂ ತೋರಿಸುತ್ತಿದ್ದ ಚಾಚಾ, ಅವತ್ತು ಗಾಡಿಯ ಕೆಳಗಿನಿಂದಲೇ ಹೇಳಿದರು:

“ಡಾಕ್ಟರ್ ಬಾಯಿ, ಇಬ್ಬರೂ ಹೋಗಿ ಚಹಾ ಕುಡದು ಬರ್ರಿ. ಇವತ್ತ ಜರಾ ತಡಾ ಆಗ್ತದ.”

ಬದುಕಿದೆ ಎಂದುಕೊಂಡು ಹೋದೆ. ತಿರುಗಿ ಬಂದಾಗ ಅವರು ಕೈ ತೊಳೆಯುತ್ತಿದ್ದರು. ಎಲ್ಲ ಸರಿಯಿದೆಯೇ ಎಂದು ಕೇಳಿದೆ. “ಎಲ್ಲಾ ಬರೋಬರಿ ಅದ” ಎಂದರು. ಹೊರಡುವಾಗ ಎಂದಿನಂತೆ ಕೇಳಿದರು, “ಕೈ ಹಚ್ಚಿ ನೋಡಿದ್ರೇನು?” ನಾನು ಅವರ ಮುಖ ನೋಡದೆ “ಹೂಂ” ಎಂದೆ.

ಆಮೇಲೆ ಎರಡು ವರ್ಷ ಅವರಿದ್ದರು. ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಹೋದೆ... ಒಂದು ದಿನ ಡ್ರೈವರ್ ಬಂದು ಚಾಚಾ ತೀರಿಕೊಂಡರೆಂದ, ಮಣ್ಣಾಗಿ ಆಗಲೇ ನಾಲ್ಕು ದಿನವಾಗಿತ್ತು. ಓಡಿ ಹೋದರೆ ಶೆಡ್ಡಿನ ಬಾಗಿಲು ಹಾಕಿತ್ತು. ಹೊರಗೆ ಆ ಹಳೆ ಟೈರು ಮಾತ್ರ ಇತ್ತು. ಆ ಮೇಲೆ ಬೇರೆ ಗ್ಯಾರೇಜುಗಳಲ್ಲಿ ಸರ್ವಿಸ್ ಮಾಡಿಸಿದೆ. ಸರಪಳಿಯ ಟ್ಯೂಬು ಬಿಚ್ಚಿ ನೋಡುವಷ್ಟು ಪುರುಸೊತ್ತು ಅವರಲ್ಲಿ ಯಾರಿಗೂ ಇರಲಿಲ್ಲ.

ಇವತ್ತು ಬಿಸಿಲಿಗೆ ಪುಡಿಪುಡಿಯಾದ ಆ ಟ್ಯೂಬನ್ನು ಕತ್ತರಿಸಿ ತೆಗೆದೆ. ಎಡ ಸರಪಳಿಯ ಬಳೆಗಳನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸುತ್ತ ಬಂದೆ. ಸವೆದ ಬಳೆ ಎಲ್ಲಿ? ಇರಲಿಲ್ಲ. ಅದರ ಜಾಗದಲ್ಲಿ ಬೇರೊಂದು ಬಳೆ ಇತ್ತು, ಉಳಿದವಕ್ಕಿಂತ ದಪ್ಪ. ಅದರ ಬೆಸುಗೆಯ ಮೇಲೆ ಬೆರಳಾಡಿಸಿದೆ. ಒಂದು ಗಂಟಿಲ್ಲ, ನುಣುಪು. ಅವರು ನನ್ನ ಟ್ಯೂಬು ಬಿಚ್ಚಿದ್ದಾರೆ, ಎಲ್ಲ ತಿಳಿದಿದ್ದಾರೆ, ಬಳೆ ಬದಲಿಸಿದ್ದಾರೆ. ಮತ್ತೆ ಅದೇ ಟ್ಯೂಬು ತೊಡಿಸಿ, ನನ್ನ ಅದೇ ಬ್ಯಾಂಡೇಜು ಬಟ್ಟೆಯನ್ನು ನಾನು ಕಟ್ಟಿದಂತೆಯೇ ಕಟ್ಟಿದ್ದಾರೆ. ನಾನು ಮುಚ್ಚಿಟ್ಟದ್ದನ್ನು ಅವರೂ ಮುಚ್ಚಿಟ್ಟರು, ನನ್ನ ಮಾನ ಹೋಗದಿರಲಿ ಎಂದು. ಅಂಥ ಮನುಷ್ಯನಿಗೆ ನಾನು ಒಂದು ನಿಜ ಹೇಳಲಾರದೆ ಹೋದೆ. ಇನ್ನು ಹೇಳಲು ಅವರಿಲ್ಲ.

ಹೊಸ ಹುಡುಗಿ ಯಾವಾಗಲೋ ಬಂದು ಪಕ್ಕದಲ್ಲಿ ಕೂತಿದ್ದಳು. ಪಿನ್ನು ತೋರಿಸಿ, ಕೈ ಹಚ್ಚಿ ನೋಡು ಎಂದೆ. ಮುಟ್ಟಿದಳು. ಹಾಗೇ ಸರಪಳಿಯ ಮೇಲೂ ಬೆರಳಾಡಿಸಿದಳು. ಆ ಬಳೆಯ ಹತ್ತಿರ ಅವಳ ಬೆರಳು ನಿಂತಿತು.

“ಇದೊಂದ್ಯಾಕ ಬ್ಯಾರೆ ಅದರಿ ಮೇಡಂ?”

ಗ್ರೀಸಿನ ಡಬ್ಬಿ ಪಕ್ಕಕ್ಕಿಟ್ಟೆ. ಚಾಚಾಗೆ ಹೇಳಬೇಕಾಗಿದ್ದ ಮಾತನ್ನು ಅವಳಿಗೆ ಹೇಳಿದೆ.

“ಒಂದಿನ ನಾ ಮುಟ್ಟಿ ನೋಡಿರಲಿಲ್ಲವ್ವ.”