ನಡುವೆ ಕೂರುವ ಹಸನಾಕ

ಇಬ್ಬರು ಮಾತಾಡುತ್ತಿದ್ದರೆ ಹಸನಾಕ ಸರಿಯಾಗಿ ಅವರ ನಡುವೆ ಹೋಗಿ ಕೂರುತ್ತಿದ್ದರು. ಗಂಡ ಹೆಂಡತಿಯ ಜಗಳವಾದರೂ ಸರಿ. ಉಳ್ಳಾಲದ ಬ್ಯಾರಿ, ದೋಹಾದಲ್ಲಿ ನಮ್ಮ ಪಕ್ಕದ ಮನೆಯವರು. ಹಮದ್ ಬಂದರಿನ ಒಂದು ಸಾಗಾಟ ಕಂಪೆನಿಯಲ್ಲಿ ಮಂದೂಬ್, ಅಂದರೆ ಸರಕಾರಿ ಕಚೇರಿಗಳಿಗೆ ಕಾಗದಪತ್ರ ಹಿಡಿದು ಓಡಾಡುವವರು. ಮನೆಮಾತು ಬ್ಯಾರಿಯ ಜೊತೆಗೆ ತುಳು, ಕನ್ನಡ, ಮಲಯಾಳ, ಹಿಂದಿ, ಅರಬಿ, ಇಂಗ್ಲಿಷ್ ಎಲ್ಲವೂ ಅವರಿಗೆ ನೀರು ಕುಡಿದಷ್ಟು ಸಲೀಸು. ಹಾಗಾಗಿ ಕಂಪೆನಿಯ ತರ್ಜುಮೆಯೂ ಅವರ ತಲೆಗೇ ಬಿದ್ದಿತ್ತು.

ಅದರಲ್ಲಿ ಅವರದು ಒಂದೇ ಹಟ: ಒಂದು ಮಾತು ಕೂಡಿಸಬಾರದು, ಒಂದು ಮಾತು ಬಿಡಬಾರದು. ಒಮ್ಮೆ ಬರ್ವಾ ಅಲ್ ಬರಾಹಾದ ಕೆಲಸಗಾರರ ಕ್ಯಾಂಪಿನ ಕೋಣೆಯಲ್ಲಿ ಏಸಿ ಕೆಟ್ಟು, ನಮ್ಮೂರ ಕೆಲಸಗಾರನೊಬ್ಬ ಮ್ಯಾನೇಜರನಿಗೆ ತುಳುವಿನಲ್ಲಿ ಚೆನ್ನಾಗಿ ಬೈದನಂತೆ. ಹಸನಾಕ ಒಂದು ಬೈಗುಳವನ್ನೂ ಬಿಡದೆ ಅರಬಿಗೆ ತಂದರು. ಮ್ಯಾನೇಜರ್ ಬಿದ್ದು ಬಿದ್ದು ನಕ್ಕ. ಸಂಜೆಯೊಳಗೆ ಏಸಿ ಸರಿಯಾಯಿತು.

"ಬೈಗುಳ ಯಾಕೆ ಹೇಳಿದ್ರಿ ಹಸನಾಕ?" ಎಂದು ಕೇಳಿದರೆ, "ನಾವು ಪೈಪ್ ಇದ್ದ ಹಾಗೆ ಮಾರಾಯ್ತಿ. ಪೈಪೇ ನೀರು ಕುಡಿದ್ರೆ ಆಗ್ತದಾ?" ಎಂದರು.

ಮಗಳ ಶಾಲೆಯ ಪ್ರಾಜೆಕ್ಟಿಗೆಂದು ಒಂದು ಶುಕ್ರವಾರ ಅವಳಿಗೆ ಕಥೆ ಹೇಳುತ್ತಿದ್ದೆ. ಇನ್ನೂರು ವರ್ಷಗಳ ಹಿಂದೆ ಅಮೆರಿಕದ ಪಶ್ಚಿಮವನ್ನು ನೋಡಿಬರಲು ಹೊರಟ ತಂಡದ ಕಥೆ. ಹಸನಾಕ ಬಂದು ನಡುವೆ ಕೂತರು. ಹಿಮ ಬೀಳುವ ಮೊದಲು ಬೆಟ್ಟ ದಾಟಲು ತಂಡಕ್ಕೆ ಕುದುರೆ ಬೇಕು. ಕುದುರೆ ಇರುವುದು ಅಲ್ಲಿನ ಮೂಲನಿವಾಸಿಗಳಾದ ಶೊಶೋನಿ ಜನರ ಬಳಿ. ತಂಡದ ಕ್ಯಾಪ್ಟನ್‌ಗಳ ಇಂಗ್ಲಿಷನ್ನು ಒಬ್ಬ ಫ್ರೆಂಚಿಗೆ ತರಬೇಕು, ಇನ್ನೊಬ್ಬ ಅದನ್ನು ಹಿದಾತ್ಸ ಎಂಬ ಇನ್ನೊಂದು ಬುಡಕಟ್ಟಿನ ನುಡಿಗೆ, ಅವನ ಹೆಂಡತಿ ಅದನ್ನು ಶೊಶೋನಿಗೆ.

"ಯಾ ಅಲ್ಲಾ! ಇದು ನಮ್ಮ ಕ್ಯಾಂಪೇ ಅಲ್ವಾ!" ಎಂದು ಹಸನಾಕ ತೊಡೆ ತಟ್ಟಿಕೊಂಡು ನಕ್ಕರು.

ಆ ಹೆಂಡತಿ ಶೊಶೋನಿ ಹುಡುಗಿ. ಚಿಕ್ಕಂದಿನಲ್ಲೇ ಹಿದಾತ್ಸ ಜನ ಹೊತ್ತೊಯ್ದಿದ್ದರು. ತರ್ಜುಮೆಗೆ ಕೂತು ತಲೆಯೆತ್ತಿದರೆ ಎದುರಿಗಿದ್ದ ನಾಯಕ ಅವಳ ಒಡಹುಟ್ಟಿದವನು! ಓಡಿಹೋಗಿ ತಬ್ಬಿಕೊಂಡು ಅತ್ತಳು. ಮತ್ತೆ ಬಂದು ಕೂತು, ನಡುನಡುವೆ ಅಳುತ್ತಲೇ ತರ್ಜುಮೆ ಮುಂದುವರಿಸಿದಳು.

ಹಸನಾಕನ ನಗು ನಿಂತಿತು. "ಅಳ್ತಾ ಅಳ್ತಾ ಹೇಳಿದ್ಳಾ? ಹೇಗೆ ಆಯ್ತು ಮಾರಾಯ್ತಿ ಅವಳಿಗೆ?" ಆಮೇಲೆ ಎಷ್ಟೋ ಸಲ ಅದೊಂದೇ ಭಾಗವನ್ನು ನನ್ನಿಂದ ಹೇಳಿಸಿಕೊಂಡರು.

ಅವರನ್ನು ಕೊನೆಯದಾಗಿ ಕಂಡದ್ದು ಅವರೇ ಕಾಯಿಲೆ ಬಿದ್ದು ಮಲಗಿದ್ದ ಆಸ್ಪತ್ರೆಯಲ್ಲಿ. ಅದಾದ ಮೇಲೆ ಊರಿಗೆ ಹೋದವರು ಮರಳಿ ಬರಲಿಲ್ಲ. ಡಾಕ್ಟರ್ ಹೇಳಬೇಕಾದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದರು. ಬ್ಯಾರಿ ಭಾಷೆ ಬಿಟ್ಟು ಬೇರೇನೂ ಬಾರದ ಹೆಂಡತಿ ನಫೀಸಕ್ಕ ಹಸನಾಕನ ಮುಖ ನೋಡಿದರು. ನನಗೆ ಎರಡೂ ಭಾಷೆ ಅರ್ಥವಾಗುತ್ತದೆ. ಇವತ್ತೊಂದು ದಿನ ಅರ್ಧ ಬಿಟ್ಟು ಹೇಳಲಿ ದೇವರೇ ಎಂದು ಬೇಡಿಕೊಂಡೆ. ಆ ಮನುಷ್ಯ ಬಿಡಲಿಲ್ಲ. ಇನ್ನು ಮದ್ದಿಲ್ಲವಂತೆ, ಹೆಚ್ಚು ದಿನವೂ ಇಲ್ಲವಂತೆ ಎಂದು ಎಲ್ಲವನ್ನೂ ಹೇಳಿಬಿಟ್ಟರು. ನನಗೆ ಸಿಟ್ಟೇ ಬಂತು.

ನಫೀಸಕ್ಕ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ಒಂದು ಮಾತು ಕೇಳಿದರು. ಹಸನಾಕ ಡಾಕ್ಟರ ಕಡೆ ತಿರುಗಿದರು. ಕಣ್ಣೀರು ಇಳಿಯುತ್ತಿತ್ತು.

"ಗಂಡನಿಗೆ ನೋವಾಗ್ತದಾ ಅಂತ ಕೇಳ್ತಿದ್ದಾಳೆ."

"ಆಗದ ಹಾಗೆ ನೋಡಿಕೊಳ್ಳುತ್ತೇವೆ," ಎಂದರು ಡಾಕ್ಟರ್.

ಹಸನಾಕ ಅದನ್ನೂ ಬ್ಯಾರಿಯಲ್ಲಿ ಹೇಳಿದರು. ಮತ್ತೆ ಹೆಂಡತಿಯ ಕೈ ಹಿಡಿದುಕೊಂಡು, "ನೀನು ಹೆದರಬೇಡ. ಇದು ಡಾಕ್ಟರ್ ಹೇಳಿದ್ದಲ್ಲ, ನಾನು ಹೇಳುವುದು," ಎಂದರು.