ಪಾರತ್ತಿಯ ಬೀಸುಕಲ್ಲಿನ ಲೆಕ್ಕ

ಹಿಟ್ಟಿನ ಗಿರಣಿಯ ಮುಂದೆ ಹಾದುಹೋದಾಗೆಲ್ಲ ನನಗೆ ಭಿನ್ನರಾಶಿ ನೆನಪಾಗುತ್ತದೆ. ನೀವು ನಗಬಹುದು, ನನ್ನ ಮಕ್ಕಳು ಇವತ್ತಿಗೂ ನಗುತ್ತಾರೆ. ಆದರೆ ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬೆಚ್ಚನೆಯ ವಾಸನೆ, ಕಲ್ಲು ಕಾದು ತುಸು ಕಮರಿದಂಥ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಉದಗೀರದಿಂದ ದೇವಣಿಗೆ ಹೋಗುವ ದಾರಿಯ ಮೇಲಿನ ನಮ್ಮ ಹಳ್ಳಿಯ ಮನೆಯಲ್ಲಿ, ನಸುಕಿನ ಚಳಿಯಲ್ಲಿ, ಕೌದಿ ಹೊದ್ದು ಬರೆಯುವ ಪಾಟಿ ಹಿಡಿದು ಕೂತುಬಿಡುತ್ತೇನೆ. ಎದುರಿಗೆ ಬೀಸುಕಲ್ಲು. ಅದರ ಒಂದು ಬದಿಗೆ ಅವ್ವ, ಇನ್ನೊಂದು ಬದಿಗೆ ಪಾರತ್ತಿ. ಪಾರತ್ತಿ ಎಂದರೆ ಪಾರ್ವತಿ, ನಮ್ಮಪ್ಪನ ತಂಗಿ. ನಿಜಾಮನ ಕೊನೆಗಾಲದ ಗದ್ದಲದ ವರ್ಷದಲ್ಲಿ ಗಂಡ ಜ್ವರ ಬಂದು ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ತವರಿಗೆ ಬಂದವಳು. ಮರಾಠಿ ಓದು, ಲೆಕ್ಕ ಎರಡನ್ನೂ ಆಕೆಗೆ ಗಂಡನೇ ಕಲಿಸಿದ್ದ. ಇಬ್ಬರೂ ಒಂದೇ ಗೂಟ ಹಿಡಿದು ಬೀಸುತ್ತಿದ್ದರು, ಹಿಟ್ಟು ಸುತ್ತಲೂ ಮೆತ್ತಗೆ ಉದುರುತ್ತಿತ್ತು, ನಾನೂ ಅಣ್ಣ ಬಸುವೂ ಆಕಳಿಸುತ್ತ ಲೆಕ್ಕ ಬಿಡಿಸುತ್ತಿದ್ದೆವು.

ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮನ ಆಳಿಕೆ ಹೋದ ಮೇಲೆ ನಮ್ಮೂರ ಶಾಲೆಯಲ್ಲಿ ಉರ್ದು ಹೋಗಿ ಮರಾಠಿ ಬಂದಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಅಜ್ಜನಿಗೆ ಸಿಟ್ಟು ಬಂದರೆ ಉರ್ದು. ಹೀಗಿರುವಾಗ ಗುರುಜಿ ಕೊಟ್ಟ ಲೆಕ್ಕ ತಲೆಗೆ ಹತ್ತುವುದಾದರೂ ಹೇಗೆ? ಒಂದು ಸಲ ಒಂದು ಹೌದಿಗೆ, ಎಂದರೆ ನೀರಿನ ತೊಟ್ಟಿಗೆ, ಎರಡು ನಳಗಳಿವೆ, ಎರಡನ್ನೂ ಬಿಟ್ಟರೆ ಎಷ್ಟು ಹೊತ್ತಿಗೆ ತುಂಬುತ್ತದೆ ಎಂಬ ಲೆಕ್ಕ ಬಂತು. ನಮ್ಮೂರಲ್ಲಿ ನಳವನ್ನು ಕಂಡವರೇ ಇರಲಿಲ್ಲ. ಬಸು ಪಾಟಿ ಒಗೆದು ಅಳತೊಡಗಿದ.

"ನಳಾ ಅತ್ಲಾಗ ಬಿಡು," ಎಂದಳು ಪಾರತ್ತಿ. "ಈ ಬುಟ್ಟಿ ಜೋಳ ನಿಮ್ಮವ್ವ ಒಬ್ಬಾಕಿನೇ ಬೀಸಿದ್ರ ಮೂರು ತಾಸು. ನಾ ಮೈಗಳ್ಳಿ, ನನಗ ಆರು ತಾಸು. ಇಬ್ಬರೂ ಕೂಡಿ ಬೀಸಿದ್ರ? ಮದ್ಲ ಅಂದಾಜು ಹೇಳು."

ಬಸು ಮೂಗು ಒರೆಸಿಕೊಂಡು, "ಒಂಬತ್ತು," ಎಂದ.

ಅವ್ವನಿಗೆ ನಗು ತಡೆಯಲಾಗದೆ ಗೂಟ ನಿಂತೇಹೋಯಿತು. "ಹಂಗಾರ ನಾ ಕೈ ಹಚ್ಚಿದ್ದಕ್ಕ ನಿಮ್ಮವ್ವಗ ಕೆಲಸ ಹೆಚ್ಚಾತೇನೋ, ಖೋಡಿ?" ಎಂದು ಅತ್ತಿ ಅವನ ತಲೆಗೆ ಹಿಟ್ಟಿನ ಕೈಯಿಂದಲೇ ಮೊಟಕಿದಳು. ಆಮೇಲೆ ಬುಟ್ಟಿಯ ಚಿತ್ರ ಬರೆಸಿದಳು. ಒಂದು ತಾಸಿನಲ್ಲಿ ಅವ್ವ ಬುಟ್ಟಿಯ ಮೂರರಲ್ಲಿ ಒಂದು ಪಾಲು ಬೀಸುತ್ತಾಳೆ, ಅತ್ತಿ ಆರರಲ್ಲಿ ಒಂದು ಪಾಲು. ಕೂಡಿಸಿ ನೋಡಿದರೆ ಸರಿಯಾಗಿ ಅರ್ಧ ಬುಟ್ಟಿ. "ಎರಡೇ ತಾಸು!" ಎಂದು ಬಸು ಕೂಗಿದ್ದು ಓಣಿಗೆಲ್ಲ ಕೇಳಿರಬೇಕು. ಅಂದಾಜು ಹೇಳದೆ ಲೆಕ್ಕಕ್ಕೆ ಕೈ ಹಚ್ಚಲು ಆಕೆ ಬಿಡುತ್ತಿರಲಿಲ್ಲ. ಅಂದಾಜು ತಪ್ಪಿದರೆ ಬೈಯುತ್ತಲೂ ಇರಲಿಲ್ಲ.

ಅಜ್ಜನ ಲೆಕ್ಕವೇ ಬೇರೆ. ಅದು ಕಣದ ಲೆಕ್ಕ. ರಾಶಿ ಅಳೆಯುವಾಗ ಮೊದಲ ಸೇರನ್ನು ಅವನು ಒಂದು ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದ. ಆಮೇಲೆ ಎರಡು, ಮೂರು. ಧಾನ್ಯದ ಮುಂದೆ ಒಂದು ಎಂದರೆ ರಾಶಿ ಅಲ್ಲಿಗೇ ನಿಂತುಬಿಡುತ್ತದೆ ಎಂದು ಅವನ ನಂಬಿಕೆ. ನಮ್ಮ ಸೀಮೆಯಲ್ಲಿ ಎಲ್ಲರೂ ಹಾಗೆಯೇ ಅಳೆಯುತ್ತಿದ್ದರು, ಆದರೆ ಅಜ್ಜನಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ಒಮ್ಮೆ ಬಸು ಶಾಲೆಯ ಹುರುಪಿನಲ್ಲಿ ಕಣದ ನಡುವೆ "ಒಂದು" ಎಂದು ಕೂಗಿದ್ದಕ್ಕೆ ಆ ಸುಗ್ಗಿ ಮುಗಿಯುವತನಕ ಅವನನ್ನು ಕಣಕ್ಕೆ ಬಿಟ್ಟುಕೊಳ್ಳಲಿಲ್ಲ.

ನಮ್ಮ ಪಾಟಿಗಳನ್ನು ನೋಡಿ ನೋಡಿ, ಮನೆಯಲ್ಲಿ ಯಾರೋ ಲೆಕ್ಕ ಹೇಳಿಕೊಡುತ್ತಿದ್ದಾರೆಂದು ಗುರುಜಿಗೆ ಗುಮಾನಿ ಬಂದಿತ್ತು. ಒಂದು ಸಂಜೆ ಮನೆಗೇ ಬಂದರು. ಉದಗೀರದಲ್ಲಿ ಹೆಣ್ಣುಮಕ್ಕಳನ್ನು ಶಿಕ್ಷಕಿಯರ ತರಬೇತಿಗೆ ಆರಿಸುತ್ತಿದ್ದಾರೆ, ಓದು ಮತ್ತು ಗಣಿತ ಬಂದರೆ ಸಾಕು, ಪಾರ್ವತಿಬಾಯಿಯವರನ್ನು ಕಳಿಸಿ ಎಂದರು. ಅಜ್ಜ ಎಲೆ ಅಡಿಕೆ ಕೊಟ್ಟು, ಚಹಾ ಕುಡಿಸಿ, "ನಮ್ಮ ಜೋಳದ ಹಗೇವು ಇನ್ನೂ ಬರಿದಾಗಿಲ್ಲರೀ ಗುರುಜಿ. ಹೆಣ್ಮಗಳ ಗಳಿಕಿ ಬ್ಯಾಡ ನಮಗ," ಎಂದು ಕಳಿಸಿಬಿಟ್ಟ. ಅಪ್ಪ ಗುರುಜಿಯನ್ನು ಓಣಿಯ ತಿರುವಿನತನಕ ಬಿಟ್ಟುಬಂದ.

ಅಂದು ಊಟಕ್ಕೆ ಕೂತಾಗ ಪಾರತ್ತಿ ಅಜ್ಜನ ತಾಟಿಗೆ ರೊಟ್ಟಿ ಹಾಕಿ ಅಲ್ಲೇ ನಿಂತಳು.

"ಅಪ್ಪಾ, ಒಂದು ಲೆಕ್ಕ ಅದ. ನೀನೇ ಬಿಡಸು. ನೀ ಇರೂತನ ಈ ಮನ್ಯಾಗ ನನಗ ಪೂರ್ತಿ ರೊಟ್ಟಿ ಅದ. ನಿನ್ನ ಹಿಂದ ಅಣ್ಣ ಇದ್ದಾನ, ಅಂವಾನೂ ಇಲ್ಲನ್ನೂದಿಲ್ಲ. ಅಣ್ಣನ ಹಿಂದ ಈ ಬಸ್ಯಾ. ಬಸ್ಯಾಗ ಹೇಣ್ತಿ ಬರ್ತಾಳ, ಮಕ್ಕಳಾಗ್ತಾವ. ಆವಾಗ ನನ್ನ ಪಾಲಿಗೆ ಎಷ್ಟು ರೊಟ್ಟಿ ಉಳೀತದ? ಮದ್ಲ ಅಂದಾಜು ಹೇಳು."

ಅಜ್ಜ ಮುರಿದ ತುತ್ತು ಕೈಯಲ್ಲೇ ಇತ್ತು. "ಯಾರು ಏನಂದ್ರವ್ವಾ ನಿನಗ?"

"ಯಾರೂ ಏನೂ ಅಂದಿಲ್ಲಪ್ಪಾ. ಅನ್ನೂಕಿಂತ ಮದ್ಲೇ ಕೇಳ್ಲಾಕತ್ತೀನಿ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಜ್ಜ ತಾಟಿನಲ್ಲೇ ಕೈತೊಳೆದ. ಕೆಲವು ದಿನ ಬಿಟ್ಟು ಒಂದು ಮುಂಜಾನೆ ಅಜ್ಜ ಎತ್ತುಗಳ ಮೈ ಉಜ್ಜುತ್ತ, ಯಾರ ಮುಖವನ್ನೂ ನೋಡದೆ, "ಉದಗೀರಕ್ಕ ಎಂದು ಹೋಗಬೇಕಂತ ಗುರುಜಿಗೆ ಕೇಳಿ ಬರ್ರಿ," ಎಂದ.

ಅಜ್ಜನೇ ಬಂಡಿ ಹೂಡಿ ಅತ್ತಿಯ ಜೊತೆಗೆ ನನ್ನನ್ನೂ ಕೂರಿಸಿಕೊಂಡ. ಬರೆಯುವ ಪರೀಕ್ಷೆ ಬೇಗ ಮುಗಿಯಿತು. ಹೌದಿ ನಳದ ಲೆಕ್ಕವೇ ಬಂದಿತ್ತೆಂದು ಅತ್ತಿ ಕಣ್ಣಲ್ಲೇ ನಕ್ಕಳು. ಮಧ್ಯಾಹ್ನ ತೋಂಡಿ ಪರೀಕ್ಷೆ, ಎಂದರೆ ಬಾಯಿಮಾತಿನದು. ನಾನೂ ಅಜ್ಜನೂ ಹೊರಗೆ ಕಿಟಕಿಯ ಬಳಿ ನಿಂತೆವು. ಕನ್ನಡಕದ ಸಾಹೇಬರೊಬ್ಬರು, ಪುಣೆಯ ಕಡೆಯವರಂತೆ, ಮೇಜಿನ ಮೇಲೆ ಜೋಳದ ರಾಶಿಯನ್ನೂ ಒಂದು ಸೇರನ್ನೂ ಇಟ್ಟು, ಅಳೆದು ನಾಲ್ಕು ಮನೆಗೆ ಹಂಚಿ ತೋರಿಸಿ ಎಂದರು. ಅತ್ತಿ ಸೇರು ತುಂಬಿ ಸುರಿದಳು. "ಲಾಭ... ದೋನ... ತೀನ..."

"ಏಕ ಕುಠೆ ಗೇಲಾ, ಬಾಯಿ?" ಎಂದರು ಸಾಹೇಬರು. ಒಂದು ಎಲ್ಲಿಗೆ ಹೋಯಿತು ಎಂದು. ಇನ್ನೊಮ್ಮೆ ಮೊದಲಿನಿಂದ ಅಳೆಯಿರಿ ಎಂದರು.

ಅತ್ತಿ ಸೇರು ತುಂಬಿದಳು. ಕೈ ಮೇಲೆದ್ದಿತು, ಬಾಯಿ ಮಾತ್ರ ಬಿಚ್ಚಲಿಲ್ಲ. ಮೂರರಲ್ಲಿ ಒಂದು, ಆರರಲ್ಲಿ ಒಂದು ಎಂದು ನಮಗೆ ಪಾಠ ಹೇಳಿದ ಅತ್ತಿಗೆ, ಕಣ್ಣೆದುರು ಜೋಳವಿರುವಾಗ ಆ ಒಂದು ಎಂಬ ಮಾತು ಗಂಟಲು ದಾಟಲೊಲ್ಲದು. ತವರಿನ ರಾಶಿಗೆ ತಾನೇ ಕೇಡು ಬಯಸಿದಂತಾಗುತ್ತದೆ ಎಂದು ಆಕೆಗೆ ಭಯ. ಸಾಹೇಬರು ತಲೆ ಅಲ್ಲಾಡಿಸಿ ಪೆನ್ನಿನ ಟೋಪಿ ತೆಗೆದರು. ಆಯಿತು, ಎಲ್ಲ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ನನ್ನ ತಲೆಯ ಮೇಲಿಂದ ಅಜ್ಜನ ದನಿ ಸಿಡಿಯಿತು. "ಒಂದು ಅನ್ನು, ಪಾರೀ! ಒಂದು ಅಂದ್ಬಿಡು! ಏನಾದ್ರೂ ಆದ್ರ ನನ್ನ ತಲಿ ಮ್ಯಾಲಿರಲಿ!"

ಒಳಗಿದ್ದವರೆಲ್ಲ ಕಿಟಕಿಯತ್ತ ತಿರುಗಿದರು. ಅಜ್ಜ ಎರಡೂ ಕೈಯಿಂದ ಸರಳು ಹಿಡಿದಿದ್ದ, ರುಮಾಲು ಕಿವಿಯ ಮೇಲೆ ಜಾರಿತ್ತು. ಅತ್ತಿ ಅವನ ಮುಖವನ್ನೇ ನೋಡುತ್ತ ಸೇರು ಸುರಿದು, "ಏಕ," ಎಂದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಎಣಿಕೆ ಆಮೇಲೆ ಎಲ್ಲೂ ತಪ್ಪಲಿಲ್ಲ. ಇದೇನು ಗಲಾಟೆ ಎಂದು ಸಾಹೇಬರು ಕೇಳಿ ತಿಳಿದುಕೊಂಡು, ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು ನಕ್ಕರು. ಅತ್ತಿ ಪಾಸಾದಳು.

ಪಾಸಾದರೆ ಆಕೆ ಹೋಗಿಬಿಡುತ್ತಾಳೆ ಎಂಬುದು ನಮ್ಮ ತಲೆಗೇ ಹೊಳೆದಿರಲಿಲ್ಲ ನೋಡಿ! ಟ್ರಂಕು ಬಂಡಿಗೆ ಏರಿದಾಗಲೇ ನಮಗದು ತಿಳಿದದ್ದು. ತರಬೇತಿ ಮುಗಿಸಿ ನಿಲಂಗಾದ ಆಚೆಯ ಹಳ್ಳಿಯೊಂದರಲ್ಲಿ ಶಾಲೆ ಕಲಿಸುವ ಬಾಯಿಯವರಾದಳು. ಆಮೇಲೆ ನಮ್ಮ ಸೀಮೆ ಮುಂಬೈ ರಾಜ್ಯಕ್ಕೆ ಹೋಯಿತು, ಮತ್ತೆ ಮಹಾರಾಷ್ಟ್ರವಾಯಿತು. ಅತ್ತಿ ಊರಿಂದೂರಿಗೆ ವರ್ಗವಾಗುತ್ತ ಹೋದಳು. ಕಡೆತನಕ ತನ್ನ ರೊಟ್ಟಿ ತಾನೇ ಬಡಿದು ತಿಂದಳು. ಈಗ ಆಕೆಯೂ ಇಲ್ಲ, ಅವ್ವನೂ ಇಲ್ಲ, ಮನೆಯ ಜಾಗದಲ್ಲಿ ಯಾರದೋ ಗೋದಾಮು ಎದ್ದಿದೆ.

ಅತ್ತಿ ಬಾಯಿಯವರಾಗಿ ಹೋದ ಮೊದಲ ವರ್ಷ ಸಂಜೆಯಾದರೆ ಅಜ್ಜ ನನ್ನನ್ನು ಕೂಗುತ್ತಿದ್ದ. "ಏ ಹುಡುಗೀ, ಪಾಟಿ ತಗೊಂಬಾ. ನಮ್ಮ ದೇವಣಿ ಎತ್ತಿನ ಜೋಡಿ ನಸುಕಿಗೆ ಹೂಡಿದ್ರ ಪಾರಿ ಊರು ಎಷ್ಟೊತ್ತಿಗೆ ಮುಟ್ಟತಾವ?" ಎತ್ತಿನ ನಡಿಗೆ, ಹಳ್ಳದ ಬಳಿ ನೀರು ಕುಡಿಸುವ ಹೊತ್ತು, ಎಲ್ಲ ಹಿಡಿದು ನಾನು ಬಿಡಿಸುತ್ತಿದ್ದೆ. "ದೀಪಾ ಹಚ್ಚೂ ಹೊತ್ತಿಗೆ, ಅಜ್ಜಾ." "ಹಂಗಾರ ಆಕಿ ಸಾಲಿ ಬಿಟ್ಟು ಮನ್ಯಾಗ ಇರ್ತಾಳ," ಎನ್ನುತ್ತಿದ್ದ. ಮರುದಿನ ಅದೇ ಲೆಕ್ಕ. ನನಗೆ ಬೇಸರ ಬಂದುಹೋಗಿತ್ತು. ಕಡೆಗೆ ಒಂದು ಸಂಜೆ ಅವ್ವನೇ ಕೇಳಿದಳು: "ಇಷ್ಟು ಕೇಳೂ ಬದಲು ಬಂಡಿ ಹೂಡ್ಕೊಂಡು ಹೋಗಿ ಬರಬಾರದೇನ್ರೀ ಮಾವಾ?"

"ಹೋದ್ರ ಕರ್ಕೊಂಡೇ ಬಂದ್ಬಿಡ್ತೀನವ್ವಾ ನಾ," ಎಂದ ಅಜ್ಜ. "ಅದಕ್ಕ ಹೋಗೂದಿಲ್ಲ." ಅಷ್ಟು ಹೇಳಿ ನನ್ನ ಕಡೆ ತಿರುಗಿದ. "ಹೇಳವ್ವಾ, ಎಷ್ಟೊತ್ತಿಗೆ ಮುಟ್ಟತಾವ ಅಂದಿ?"